ಹಳೆಯ ಟೂಟೂ ರೈಫಲ್‌ನ ಮೂಲ ಓದುವುದು ಹೇಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹಳೆಯ ಮನೆಗಳಲ್ಲಿ ಜೋಡುನಳಿಗೆ ಕೋವಿಯ ಪಕ್ಕ ಒಮ್ಮೊಮ್ಮೆ ತೆಳ್ಳನೆಯ ರೈಫಲ್ ಒಂದು ಒರಗಿರುತ್ತದೆ. ಮನೆಯವರ ಬಾಯಲ್ಲಿ ಅದು ‘ಟೂಟೂ’, ಅಂದರೆ .22. ಲೈಸೆನ್ಸ್ ಪುಸ್ತಕದಲ್ಲಿ ‘.22 ಬಿಎಸ್‌ಎ ರೈಫಲ್’ ಎಂಬ ಒಂದು ಸಾಲು, ಅದರ ಮುಂದೊಂದು ನಂಬರು. ಅಜ್ಜನ ಹೆಸರಿನಿಂದ ಮೊಮ್ಮಗನ ಹೆಸರಿಗೆ ವರ್ಗಾಯಿಸುವಾಗ, ಮಾರುವಾಗ, ಕಳೆದುಹೋದ ಮ್ಯಾಗಜೀನಿಗೆ ಬದಲಿ ಹುಡುಕುವಾಗ ಆ ಒಂದು ಸಾಲು ಸಾಲುವುದಿಲ್ಲ. ಇಂಗ್ಲೆಂಡಿನ ಬಿಎಸ್‌ಎ ಕಂಪನಿಯೊಂದೇ ಕೆಳಗಿನ ಸನ್ನೆ ಎಳೆದು ತೆರೆಯುವ ಮಾರ್ಟಿನಿಗಳನ್ನು, ಬೋಲ್ಟಿನ ಸ್ಪೋರ್ಟ್ಸ್‌ಮನ್ ಸಾಲನ್ನು, ತಾನೇ ತುಂಬಿಕೊಳ್ಳುವ ರಾಲಾಕ್ ರೈಫಲನ್ನು ಮಾಡಿತ್ತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ.

ಖಾಸಗಿಯವರು ವಿದೇಶಿ ಬಂದೂಕು ಆಮದು ಮಾಡಿಕೊಳ್ಳುವುದು ಭಾರತದಲ್ಲಿ ದಶಕಗಳಿಂದ ಬಹುಪಾಲು ನಿಂತಿದೆ. ಆದ್ದರಿಂದ ಜೆಕ್ ಬ್ರ್ನೋ, ಜರ್ಮನಿಯ ಆನ್‌ಶುಟ್ಜ್, ಅಮೆರಿಕದ ವಿಂಚೆಸ್ಟರ್ ಹೆಸರಿನ ಹಳೆಯ .22ಗೆ ಬೆಲೆ ಹೆಚ್ಚು, ತಪ್ಪು ಹೆಸರಿನಲ್ಲಿ ಕೈ ಬದಲಾಯಿಸುವುದೂ ಹೆಚ್ಚು. ನಳಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಹೆಸರನ್ನೇ ತಯಾರಕರ ಹೆಸರು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದು ಮಾರಿದ ಅಂಗಡಿಯದ್ದಿರಬಹುದು, ತರಿಸಿಕೊಂಡವರದ್ದಿರಬಹುದು, ಬೇರೊಂದು ತೋಟಾಕ್ಕೆಂದು ಆ ರೈಫಲನ್ನು ಮೊದಲು ಮಾಡಿದ ಕಾರ್ಖಾನೆಯದ್ದೂ ಇರಬಹುದು. ಗುರುತಿಸುವ ಕೆಲಸ ಇನ್ನೊಂದು ತುದಿಯಿಂದ ಶುರುವಾಗಬೇಕು: ಮೊದಲು ತೋಟಾ, ಆಮೇಲೆ ಯಂತ್ರದ ಬಗೆ, ಆಮೇಲೆ ಪರೀಕ್ಷಾ ಮುದ್ರೆ, ನಂಬರು, ಕೊನೆಗೆ ಹೆಸರು. ಐದೂ ಒಂದಕ್ಕೊಂದು ಒಪ್ಪಬೇಕು. ಒಂದು ಒಪ್ಪದಿದ್ದರೂ ಮುಂದೆ ಹೋಗದೆ ಕಾರಣ ಹುಡುಕಬೇಕು.

ಕೈಗೆತ್ತಿಕೊಳ್ಳುವಾಗ

ಮೂತಿ ಯಾರೂ ಇಲ್ಲದ ಕಡೆಗಿರಲಿ. ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ತೋಟಾ ಕೂರುವ ಚೇಂಬರಿನೊಳಗೆ ಬೆಳಕು ಬಿಟ್ಟು ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ನಳಿಗೆಯ ಕೆಳಗೆ ಕೊಳವೆ ಮ್ಯಾಗಜೀನ್ ಇರುವ ರೈಫಲ್‌ನಲ್ಲಿ ಇಷ್ಟು ಸಾಲದು. ಒಳಕೊಳವೆಯನ್ನು ಪೂರ್ತಿ ಹೊರಗೆಳೆದು, ಮೂತಿ ಕೆಳಗೆ ಮಾಡಿ ಅಲುಗಿಸಿ, ಬೋಲ್ಟನ್ನು ನಾಲ್ಕೈದು ಸಲ ಹಿಂದೆಮುಂದೆ ಆಡಿಸಬೇಕು. ವರ್ಷಗಟ್ಟಲೆ ಮುಟ್ಟದ ಕೊಳವೆಯಲ್ಲಿ ಎಣ್ಣೆಯ ಜಿಡ್ಡಿಗೆ ಅಂಟಿದ ತೋಟಾ ಮೊದಲ ಸಲಕ್ಕೆ ಜಾರದೆ ನಿಲ್ಲುವುದುಂಟು.

ಖಾಲಿ ಎಂದು ಖಚಿತವಾದ ಮೇಲೂ ಕುದುರೆ ಎಳೆದು ‘ಟಿಕ್’ ಅನ್ನಿಸಬಾರದು. ಟೂಟೂ ರಿಮ್‌ಫೈರ್ ಬಗೆಯದು, ಅದರಲ್ಲಿ ಪಿನ್ನು ಹೊಡೆಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದಿದ್ದರೆ ಎಷ್ಟೋ ರೈಫಲ್‌ಗಳಲ್ಲಿ ಅದು ನೇರವಾಗಿ ಚೇಂಬರಿನ ಬಾಯಿಯ ಉಕ್ಕಿಗೆ ಬಡಿಯುತ್ತದೆ. ಅಲ್ಲಿ ತಗ್ಗು ಬಿದ್ದು, ಉಬ್ಬಿದ ಉಕ್ಕು ಚೇಂಬರಿನೊಳಕ್ಕೆ ಚಾಚುತ್ತದೆ. ಆಮೇಲೆ ತೋಟಾ ಪೂರ್ತಿ ಒಳಗೆ ಹೋಗುವುದಿಲ್ಲ, ಹೋದರೆ ಸಲೀಸಾಗಿ ಹೊರಬರುವುದಿಲ್ಲ. ಕೊಳ್ಳುವವರು ಮೊದಲು ನೋಡಬೇಕಾದ ದೋಷಗಳಲ್ಲಿ ಈ ತಗ್ಗೂ ಒಂದು.

ಮೊದಲ ಪ್ರಶ್ನೆ: ಯಾವ ತೋಟಾ?

ರಿಮ್‌ಫೈರ್ ತೋಟಾದಲ್ಲಿ ಪ್ರತ್ಯೇಕ ಕೇಪು ಇರುವುದಿಲ್ಲ. ಹಿತ್ತಾಳೆ ಕವಚದ ತಳದಲ್ಲಿ ಮಡಚಿದ ಟೊಳ್ಳು ಅಂಚಿನೊಳಗೇ ಸಿಡಿಮದ್ದು ಇರುತ್ತದೆ. ಬೋಲ್ಟಿನ ಮುಖ ನೋಡಿದರೆ ಇದು ತಿಳಿಯುತ್ತದೆ: ಪಿನ್ನಿನ ರಂಧ್ರ ಅಂಚಿನಲ್ಲಿದ್ದರೆ ರಿಮ್‌ಫೈರ್, ನಟ್ಟನಡುವೆ ಇದ್ದರೆ ಸೆಂಟರ್‌ಫೈರ್. ಈ ನೋಟ ನಮ್ಮಲ್ಲಿ ಮುಖ್ಯ. ಲೈಸೆನ್ಸಿನಲ್ಲಿ ಬರೇ ‘.22’ ಎಂದಿದ್ದರೆ ಅದು .22 ಹಾರ್ನೆಟ್ ಕೂಡ ಆಗಿರಬಹುದು. ಬ್ರ್ನೋದ ಝಡ್‌ಕೆಡಬ್ಲ್ಯು 465 ಎಂಬ ಪುಟ್ಟ ಸೊಗಸಾದ ರೈಫಲ್ ಹಾರ್ನೆಟ್‌ನದ್ದು. ದೂರದಿಂದ ನೋಡಿದವರು ಅದನ್ನೂ ಟೂಟೂ ಎಂದೇ ಕರೆಯುತ್ತಾರೆ. ಹಾರ್ನೆಟ್ ಸೆಂಟರ್‌ಫೈರ್, ಅದರ ಶಕ್ತಿಯೂ ತೋಟಾವೂ ಪೂರ್ತಿ ಬೇರೆ.

ರಿಮ್‌ಫೈರ್‌ನೊಳಗೇ ಮತ್ತೆ ಕವಲುಗಳಿವೆ. .22 ಶಾರ್ಟ್ ಬಂದದ್ದು 1857ರಲ್ಲಿ, ಲಾಂಗ್ 1871ರಲ್ಲಿ, ಇಂದು ಎಲ್ಲೆಡೆ ಸಿಗುವ ಲಾಂಗ್ ರೈಫಲ್, ಅಂದರೆ ಎಲ್‌ಆರ್, 1887ರಲ್ಲಿ. ಮೂರರ ಕವಚದ ದಪ್ಪ ಒಂದೇ, ಸುಮಾರು 5.7 ಮಿಲಿಮೀಟರ್. ಶಾರ್ಟ್‌ನ ಕವಚ 10.7 ಮಿ.ಮೀ ಉದ್ದ, ಲಾಂಗ್ ಮತ್ತು ಎಲ್‌ಆರ್ ಎರಡರದ್ದೂ 15.6 ಮಿ.ಮೀ. 1959ರಲ್ಲಿ ವಿಂಚೆಸ್ಟರ್ ತಂದ .22 ಮ್ಯಾಗ್ನಮ್ ಬೇರೆಯೇ ಜಾತಿ: ಕವಚದ ಉದ್ದ 26.8 ಮಿ.ಮೀ, ದಪ್ಪ 6.1 ಮಿ.ಮೀ.

ಈ 0.4 ಮಿಲಿಮೀಟರ್ ವ್ಯತ್ಯಾಸವೇ ಅಪಾಯದ ಜಾಗ. ಮ್ಯಾಗ್ನಮ್ ತೋಟಾ ಎಲ್‌ಆರ್ ಚೇಂಬರಿಗೆ ಹೋಗುವುದೇ ಇಲ್ಲ. ಎಲ್‌ಆರ್ ತೋಟಾ ಮಾತ್ರ ಮ್ಯಾಗ್ನಮ್ ಚೇಂಬರಿಗೆ ಸಲೀಸಾಗಿ ಜಾರುತ್ತದೆ. ಹೊಡೆದರೆ ಆಸರೆ ಸಿಗದ ತೆಳು ಹಿತ್ತಾಳೆ ಉಬ್ಬಿ ಸೀಳುತ್ತದೆ, ಬಿಸಿ ಗಾಳಿ ಹಿಂದಕ್ಕೆ, ಹೊಡೆಯುವವರ ಮುಖದತ್ತ ನುಗ್ಗುತ್ತದೆ. ನಳಿಗೆಯ ಮೇಲೆ ‘ಡಬ್ಲ್ಯುಎಂಆರ್’ ಅಥವಾ ‘ಮ್ಯಾಗ್ನಮ್’ ಎಂದಿದ್ದರೆ ಎಲ್‌ಆರ್ ಹಾಕಲೇಬಾರದು. ಅಮೆರಿಕದ ನಳಿಗೆಗಳಲ್ಲಿ ‘22 ಎಸ್, ಎಲ್, ಎಲ್‌ಆರ್’ ಎಂದಿದ್ದರೆ ಮೂರೂ ಸಲ್ಲುತ್ತವೆ ಎಂದರ್ಥ. ಜರ್ಮನ್ ರೈಫಲ್‌ನಲ್ಲಿ ‘22 ಎಲ್.ಎಫ್.ಬಿ.’ ಎಂದಿದ್ದರೆ ಅದು ‘ಲಾಂಗ್ ಫ್ಯೂರ್ ಬ್ಯೂಕ್ಸೆ’, ಅಂದರೆ ನಮ್ಮ ಎಲ್‌ಆರ್. ‘5.6 ಮಿ.ಮೀ’ ಎಂಬ ಬರಹವೂ ಯುರೋಪಿನಲ್ಲಿ ಸಾಮಾನ್ಯ. ಆದರೆ ಆ ಅಳತೆಯನ್ನು ಬೇರೆ ತೋಟಾಗಳಿಗೂ ಬಳಸುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಬರಹ ಅಳಿಸಿಹೋಗಿದ್ದರೆ ಊಹಿಸಿ ತೋಟಾ ತುರುಕಬಾರದು. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಚೇಂಬರಿನ ಎರಕ ತೆಗೆಸಬೇಕು. ಚೇಂಬರಿನ ಮುಂದೆ ನಳಿಗೆಗೆ ಬಟ್ಟೆ ತುರುಕಿ, 70ರಿಂದ 90 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುವ ಬಿಸ್ಮತ್ ಮಿಶ್ರಲೋಹ ಸುರಿದು, ಗಟ್ಟಿಯಾದ ಮೇಲೆ ಹೊರಕ್ಕೆ ತಳ್ಳಿ ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಈ ಲೋಹ ಮೊದಲು ಕುಗ್ಗಿ ಆಮೇಲೆ ನಿಧಾನವಾಗಿ ಹಿಗ್ಗುತ್ತದೆ. ಎರಕ ಹೊಯ್ದು ಸುಮಾರು ಒಂದು ಗಂಟೆಯಾದಾಗ ಸಿಗುವ ಅಳತೆಯೇ ಚೇಂಬರಿನ ನಿಜವಾದ ಅಳತೆ.

ಒಳತಿರುವೂ, ಅಂದರೆ ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳೂ, ಸಾಕ್ಷಿ ಹೇಳುತ್ತವೆ. ಬಿಗಿಯಾದ ಬಟ್ಟೆ ಸುತ್ತಿದ, ಹಿಡಿಯಲ್ಲಿ ತಿರುಗುವ ಸಲಾಕೆಯನ್ನು ಮೂತಿಯಿಂದ ತಳ್ಳಿ, ಸಲಾಕೆಯ ಮೇಲಿನ ಗುರುತು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಎಷ್ಟು ದೂರ ಹೋಯಿತೆಂದು ಅಳೆಯಿರಿ. ಎಲ್‌ಆರ್ ನಳಿಗೆಯಲ್ಲಿ ಅದು 16 ಇಂಚು, ಅಂದರೆ 406 ಮಿ.ಮೀ ಹತ್ತಿರ. 20ರಿಂದ 24 ಇಂಚು ಬಂದರೆ ಅದು ಶಾರ್ಟ್‌ಗೆಂದು ಕೊರೆದ ನಳಿಗೆ. ಶಾರ್ಟ್ ತೋಟಾಗಳನ್ನೇ ವರ್ಷಗಟ್ಟಲೆ ಹೊಡೆದ ಎಲ್‌ಆರ್ ಚೇಂಬರಿನಲ್ಲಿ ಶಾರ್ಟ್ ಕವಚದ ಬಾಯಿ ನಿಲ್ಲುವ ಜಾಗದ ಮುಂದೆ ಸವೆದ ಉಂಗುರವೊಂದು ಬೀಳುತ್ತದೆ. ಎಲ್‌ಆರ್‌ನ ಖಾಲಿ ಕವಚ ಹೊರಬರಲು ಹಟ ಮಾಡಿದರೆ ಕಾರಣ ಅಲ್ಲಿರಬಹುದು. ಇನ್ನೊಂದು ಎಚ್ಚರಿಕೆ: ಹೆಚ್ಚು ವೇಗದ .22 ತೋಟಾಗಳು ಮಾರುಕಟ್ಟೆಗೆ ಬಂದದ್ದೇ 1930ರ ಸುಮಾರಿಗೆ. ಅದಕ್ಕಿಂತ ಹಳೆಯದೆಂದು ತಿಳಿದುಬಂದ ರೈಫಲ್‌ಗೆ ಸಾಧಾರಣ ವೇಗದ ತೋಟಾ ಸಾಕು.

ಗುರುತುಗಳನ್ನು ಕೆಡಿಸದೆ ಓದುವುದು

ಉಪ್ಪುಕಾಗದ, ವೈರ್ ಬ್ರಷ್, ಪಾತ್ರೆ ತಿಕ್ಕುವ ಜಾಲರಿ ಮುಟ್ಟಬೇಡಿ. ಪರೀಕ್ಷಾ ಮುದ್ರೆ ತೀರ ಪುಟ್ಟದು, ಎರಡು ಸಲ ತಿಕ್ಕಿದರೆ ಹೋಯಿತು. ಸೀಮೆಎಣ್ಣೆ ಅಥವಾ ತೆಳು ಗನ್ ಆಯಿಲ್ ಹಚ್ಚಿ ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಿಂದ ಒರೆಸಿ, ಮೂಲೆಗಳಿಗೆ ಬಿದಿರಿನ ಹಲ್ಲುಕಡ್ಡಿ ಬಳಸಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಲೋಹಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿದರೆ, ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ಬರುತ್ತವೆ. ಸೀಮೆಸುಣ್ಣ ಉಜ್ಜಿ ಮೇಲ್ಮೈ ಒರೆಸಿದರೆ ತಗ್ಗಿನಲ್ಲಿ ಬಿಳಿ ಉಳಿದು ಫೋಟೋ ಚೆನ್ನಾಗಿ ಬರುತ್ತದೆ. ಒಂದೇ ಮುದ್ರೆಗೆ ನಾಲ್ಕು ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೋ ತೆಗೆಯಿರಿ. ಒಂದು ಕಡೆಯ ಬೆಳಕಿಗೆ 3 ಕಂಡದ್ದು ಇನ್ನೊಂದರಲ್ಲಿ 8 ಆಗುತ್ತದೆ.

ಅರ್ಧ ಮಾಹಿತಿ ಮರದ ಕೆಳಗಿರುತ್ತದೆ. ನಳಿಗೆಯ ತಳಭಾಗದಲ್ಲಿ ಪರೀಕ್ಷಾ ಮುದ್ರೆ, ಜೋಡಣೆಯ ಸಂಖ್ಯೆ, ತಿಂಗಳು-ವರ್ಷ ಇರಬಹುದು. ಮರದ ಒಳಗೂ ನಂಬರಿನ ಕೊನೆಯ ಅಂಕಿಗಳು ಇರಬಹುದು. ಹೆಚ್ಚಿನ ಬೋಲ್ಟ್ ರೈಫಲ್‌ಗಳಲ್ಲಿ ಕೆಳಗಿನ ಒಂದೆರಡು ಸ್ಕ್ರೂ ಬಿಚ್ಚಿದರೆ ಮರ ಬೇರೆಯಾಗುತ್ತದೆ. ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂವಿನ ಗೀರಿಗೆ ಅಗಲದಲ್ಲೂ ದಪ್ಪದಲ್ಲೂ ಸರಿಹೊಂದಬೇಕು. ಮನೆಯ ಸಾಮಾನ್ಯ ಸ್ಕ್ರೂಡ್ರೈವರ್ ಬೆಣೆಯಾಕಾರದ್ದು, ಅದು ಜಾರಿ ಗೀರನ್ನು ಹರಿಯುತ್ತದೆ. ಹರಿದ ಸ್ಕ್ರೂ ನೋಡಿದ ಕೂಡಲೇ ಅನುಭವಿ ಕೊಳ್ಳುಗರು ಒಳಗೆ ಯಾರೋ ಕೈಯಾಡಿಸಿದ್ದಾರೆಂದು ಬೆಲೆ ಇಳಿಸುತ್ತಾರೆ. ಮುಂದಿನ ಸ್ಕ್ರೂ ಹಿಂದಿನದಕ್ಕಿಂತ ಗಿಡ್ಡ ಇರಬಹುದು, ಅದಲುಬದಲಾಗದಂತೆ ಗುರುತು ಮಾಡಿಡಿ. ಮಾರ್ಟಿನಿಯ ಒಳಯಂತ್ರಕ್ಕೆ ಮಾತ್ರ ಅರಿತವರೇ ಕೈ ಹಾಕಬೇಕು.

ಪರೀಕ್ಷಾ ಮುದ್ರೆ ಎಂಬ ಮೂರನೆಯವರ ಸಾಕ್ಷಿ

ಇಡೀ ರೈಫಲ್‌ನಲ್ಲಿ ಹೆಚ್ಚು ನಂಬಬಹುದಾದದ್ದು ಪರೀಕ್ಷಾ ಮುದ್ರೆ. ಇಂಗ್ಲೆಂಡ್, ಜರ್ಮನಿ, ಬೆಲ್ಜಿಯಂ, ಜೆಕೊಸ್ಲೊವಾಕಿಯಾಗಳಲ್ಲಿ ಬಂದೂಕನ್ನು ಮಾರುವ ಮುನ್ನ ಅಧಿಕೃತ ಪರೀಕ್ಷಾಲಯದಲ್ಲಿ ಹೆಚ್ಚಿನ ಒತ್ತಡದ ತೋಟಾ ಹೊಡೆದು, ತಾಳಿಕೊಂಡರೆ ಮುದ್ರೆ ಒತ್ತುತ್ತಿದ್ದರು. ಮುದ್ರೆ ಒತ್ತುವವರಿಗೆ ಕಂಪನಿಯ ಹೆಸರಿನ ಹಂಗಿಲ್ಲ. ಹಾಗಾಗಿ ಹೆಸರು ಒಂದು ದೇಶ ಹೇಳಿ ಮುದ್ರೆ ಇನ್ನೊಂದು ದೇಶ ಹೇಳಿದರೆ ಮುದ್ರೆಯ ಮಾತಿಗೇ ತೂಕ ಹೆಚ್ಚು.

ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಶುರುವಾದದ್ದು 1813ರಲ್ಲಿ. 1904ರಿಂದ 1954ರವರೆಗಿನ ಅದರ ಗುರುತು ಕಿರೀಟದ ಕೆಳಗೆ ಬಿವಿ, ಕಿರೀಟದ ಕೆಳಗೆ ಬಿಪಿ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದ್ದರೆ ಕಿರೀಟದ ಕೆಳಗೆ ಎನ್‌ಪಿ. 1954ರ ನಂತರ ಕಿರೀಟದ ಕೆಳಗೆ ಬಿಎನ್‌ಪಿ ಎಂಬ ಒಂದೇ ಮುದ್ರೆ, ಜೊತೆಗೆ ಕವಚದ ಉದ್ದ ಇಂಚಿನಲ್ಲಿ ಮತ್ತು ಒತ್ತಡ ಟನ್ನಿನಲ್ಲಿ. ಬಿಎಸ್‌ಎ ಸ್ಪೋರ್ಟ್ಸ್‌ಮನ್ ಒಂದು 1954ಕ್ಕೆ ಹಿಂದಿನದೋ ಮುಂದಿನದೋ ಎಂಬುದು ಈ ಒಂದು ಮುದ್ರೆಯಿಂದ ಇತ್ಯರ್ಥವಾಗುತ್ತದೆ. ಲಂಡನ್ ಪರೀಕ್ಷಾಲಯದ ನೈಟ್ರೋ, ಅಂದರೆ ಹೊಗೆಯಿಲ್ಲದ ಮದ್ದಿನ, ಮುದ್ರೆ ಬೇರೆ: ಖಡ್ಗ ಹಿಡಿದ ತೋಳು, ಕೆಳಗೆ ಎನ್‌ಪಿ.

ಬರ್ಮಿಂಗ್‌ಹ್ಯಾಮ್ ಮುದ್ರೆ ಇದ್ದ ಮಾತ್ರಕ್ಕೆ ರೈಫಲ್ ಇಂಗ್ಲೆಂಡಿನದ್ದೆಂದು ಹೇಳಿಬಿಡುವಂತಿಲ್ಲ. ಹೊರದೇಶದ ಬಂದೂಕನ್ನೂ ಅಲ್ಲಿ ಪರೀಕ್ಷಿಸಿ ಮಾರುತ್ತಿದ್ದರು. 1925ರಿಂದ 1950ರ ದಶಕದ ನಡುಭಾಗದವರೆಗೆ ಅಂಥವುಗಳ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂದೇ ಒತ್ತಿದರು. ಈ ಸಾಲು ಕಂಡರೆ ತಯಾರಕರನ್ನು ಬೇರೆ ದೇಶದಲ್ಲಿ ಹುಡುಕಬೇಕು.

ಜರ್ಮನಿಯಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚಿನ .22ಗಳ ಮೇಲೆ ಕಿರೀಟದ ಕೆಳಗೆ ಬಿ, ಯು, ಜಿ ಅಥವಾ ಎನ್ ಎಂಬ ಒಂಟಿ ಅಕ್ಷರಗಳು. ಜಿ ಎಂದರೆ ಒಳತಿರುವು ಕೊರೆದ ನಳಿಗೆ, ಎನ್ ಎಂದರೆ ನೈಟ್ರೋ. 1939ರ ಕಾನೂನಿನೊಂದಿಗೆ ಕಿರೀಟ ಹೋಗಿ ಹದ್ದು ಬಂತು. ಯುದ್ಧದ ನಂತರದ ಪಶ್ಚಿಮ ಜರ್ಮನಿಯಲ್ಲಿ ಹದ್ದು ಮತ್ತು ಎನ್ ಜೊತೆ ಪರೀಕ್ಷಾಲಯದ ಚಿಹ್ನೆಯೂ ಸೇರಿತು. ಜಿಂಕೆಯ ಕೊಂಬು ಕಂಡರೆ ಊಲ್ಮ್ ನಗರ. ಆನ್‌ಶುಟ್ಜ್ ಮತ್ತು ವಾಲ್ಥರ್ ಎರಡೂ ಯುದ್ಧಕ್ಕೆ ಮುಂಚೆ ತ್ಯುರಿಂಗಿಯಾದ ಜೆಲ್ಲಾ-ಮೇಲಿಸ್‌ನವು. ಯುದ್ಧದ ನಂತರ ಊಲ್ಮ್‌ನಲ್ಲಿ ಮತ್ತೆ ಕಟ್ಟಿಕೊಂಡವು, ಆನ್‌ಶುಟ್ಜ್ 1950ರಲ್ಲಿ. ಹಾಗಾಗಿ ಇವುಗಳ ನಳಿಗೆಯ ಮೇಲೆ ಜೆಲ್ಲಾ-ಮೇಲಿಸ್ ಎಂದಿದ್ದರೆ ಅದು ಹಳೆಯದು, ಊಲ್ಮ್ ಎಂದಿದ್ದರೆ ಹೊಸದು.

ಕೊಂಬಿನ ಪಕ್ಕದ ವರ್ಷ ಮೊದಲು ಎರಡಂಕಿಯಲ್ಲೇ ಇರುತ್ತಿತ್ತು. ಆಮೇಲೆ ಅಕ್ಷರಸಂಕೇತ ಬಂತು: ಎ ಅಂದರೆ 0, ಬಿ ಅಂದರೆ 1, ಹೀಗೆ ಐ ಅಂದರೆ 8. ಜೆ ಬಿಟ್ಟು ಕೆ ಅಂದರೆ 9. ‘ಎಚ್‌ಜಿ’ ಎಂದಿದ್ದರೆ 7 ಮತ್ತು 6, ಅಂದರೆ 1976. ‘ಐಬಿ’ 1981. ಜೆ ಇಲ್ಲವೆಂಬುದು ಗೊತ್ತಿಲ್ಲದೆ ಎಣಿಸಿದರೆ ಕೆ ಹತ್ತಾಗಿ ಲೆಕ್ಕ ಕೆಡುತ್ತದೆ. ಕ್ಲಬ್ಬುಗಳಲ್ಲಿ ಕೈ ಬದಲಾಯಿಸುವ ಆನ್‌ಶುಟ್ಜ್ ಮ್ಯಾಚ್ ರೈಫಲ್‌ಗಳಿಗೆ ಇದು ತುಂಬ ಉಪಯುಕ್ತ. 1411, 1413, 1807, 1913 ಎಂಬ ಮಾದರಿ ಸಂಖ್ಯೆಗಳಲ್ಲಿ ಮೊದಲೆರಡು ಅಂಕಿ ತಲೆಮಾರನ್ನು ಹೇಳುತ್ತದೆ, ಪರೀಕ್ಷಾ ವರ್ಷ ಅದಕ್ಕೆ ಹೊಂದಬೇಕು.

ಬೆಲ್ಜಿಯಂನ ಲಿಯೇಜ್ ಮುದ್ರೆ ಮೊಟ್ಟೆಯಾಕಾರದೊಳಗೆ ಇಎಲ್‌ಜಿ. ಅದರ ಮೇಲೆ ಕಿರೀಟವಿದ್ದರೆ 1893ರಿಂದ ಈಚಿನದು. ಸಿಂಹದ ಕೆಳಗೆ ಪಿವಿ ನೈಟ್ರೋ ಪರೀಕ್ಷೆಯದು. ಬ್ರೌನಿಂಗ್ ಎಂದರೆ ಅಮೆರಿಕ ಎಂದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಬ್ರೌನಿಂಗ್ ವಿನ್ಯಾಸದ ಬಿಚ್ಚಿಡಬಹುದಾದ ಸೆಮಿ ಆಟೊ .22 ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ 1914ರಿಂದ ತಯಾರಾಯಿತು, ಮುಂಗೈ ಹಿಡಿ ಹಿಂದಕ್ಕೆಳೆಯುವ ಟ್ರೊಂಬೋನ್ 1922ರಿಂದ. ಅವುಗಳ ಮೇಲೆ ಎರ್‌ಸ್ಟಾಲ್ ಊರಿನ ಹೆಸರೂ ಲಿಯೇಜ್ ಮುದ್ರೆಯೂ ಇರುತ್ತವೆ.

ನಮ್ಮ ಕಡೆ ಹೆಚ್ಚು ಬೇಡಿಕೆಯಿರುವ ಬ್ರ್ನೋಗೆ ವಾಪಸು ಬಂದರೆ, ಅದರ ಜೆಕ್ ಮುದ್ರೆ ಸಿಂಹ, ಜೊತೆಗೆ ವರ್ಷದ ಕೊನೆಯ ಎರಡಂಕಿ. 57 ಎಂದಿದ್ದರೆ 1957. ತಯಾರಕರ ಗುರುತು ವೃತ್ತದೊಳಗಿನ ಝಡ್ ಅಕ್ಷರ. ಮಾಡೆಲ್ 1, ಮಾಡೆಲ್ 2 ನೋಡಲು ಅಣ್ಣತಮ್ಮಂದಿರಂತಿರುವುದರಿಂದ ಮರದ ಬಣ್ಣ ನೋಡಿ ಹೇಳಲಾಗದು, ನಳಿಗೆಯ ಮೇಲಿನ ಬರಹವನ್ನೇ ಓದಬೇಕು. ಚೀನಾದ ಜೆಡಬ್ಲ್ಯು-15 ಇದೇ ವಿನ್ಯಾಸದ ನಕಲು. ರೂಪದಿಂದ ಮೋಸಹೋಗದಂತೆ ಸಿಂಹವನ್ನೂ ವರ್ಷವನ್ನೂ ಹುಡುಕಿಯೇ ಬ್ರ್ನೋ ಎನ್ನಬೇಕು.

ಅಮೆರಿಕದ ರೈಫಲ್‌ಗಳು ಬೇರೆ ಲೆಕ್ಕ

ಅಮೆರಿಕದಲ್ಲಿ ಸರ್ಕಾರಿ ಪರೀಕ್ಷಾಲಯದ ಕಡ್ಡಾಯವಿರಲಿಲ್ಲ. ಕಂಪನಿಗಳೇ ತಮ್ಮ ಮುದ್ರೆ ಒತ್ತುತ್ತಿದ್ದವು: ವಿಂಚೆಸ್ಟರ್‌ನದ್ದು ಅಂಡಾಕಾರದೊಳಗೆ ಹೆಣೆದ ಡಬ್ಲ್ಯುಪಿ, ರೆಮಿಂಗ್ಟನ್‌ನದ್ದು ಆರ್‌ಇಪಿ. 1968ರ ಗನ್ ಕಂಟ್ರೋಲ್ ಕಾಯ್ದೆಯವರೆಗೆ ಎಲ್ಲ ಬಂದೂಕಿಗೂ ನಂಬರು ಹಾಕಬೇಕೆಂಬ ನಿಯಮವೂ ಇರಲಿಲ್ಲ. ವಿಂಚೆಸ್ಟರ್ ಮಾಡೆಲ್ 67ರಂಥ, 1934ರಿಂದ 1963ರವರೆಗೆ ತಯಾರಾದ ಅಗ್ಗದ ಒಂಟಿತೋಟಾ ರೈಫಲ್‌ಗಳು ಅಲ್ಲಿ ಬಹುಪಾಲು ನಂಬರಿಲ್ಲದೆಯೇ ಮಾರಾಟವಾದವು. ಅಂಥದ್ದರಲ್ಲಿ ನಂಬರು ಕಾಣದಿರುವುದೇ ಕಳ್ಳಮಾಲಿನ ಲಕ್ಷಣವಲ್ಲ. ಅಳಿಸಿದ ಗುರುತು ಇದೆಯೇ ಎಂಬುದು ಮುಖ್ಯ.

ರೆಮಿಂಗ್ಟನ್ ನಳಿಗೆಯ ಎಡಬದಿಯಲ್ಲಿ, ರಿಸೀವರಿನ (ಬೋಲ್ಟ್ ಕೂರುವ ಒಡಲಿನ) ಹತ್ತಿರ ಎರಡು ಮೂರು ಪುಟ್ಟ ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳು. ‘ಬ್ಲ್ಯಾಕ್ ಪೌಡರ್ ಎಕ್ಸ್’ ಎಂಬ ಮಾತಿನ ಇಂಗ್ಲಿಷ್ ಕಾಗುಣಿತದ ಹನ್ನೆರಡು ಅಕ್ಷರಗಳೇ ಹನ್ನೆರಡು ತಿಂಗಳು: ಬಿ ಜನವರಿ, ಎಲ್ ಫೆಬ್ರವರಿ, ಎ ಮಾರ್ಚ್, ಸಿ ಏಪ್ರಿಲ್, ಕೆ ಮೇ, ಪಿ ಜೂನ್, ಓ ಜುಲೈ, ಡಬ್ಲ್ಯು ಆಗಸ್ಟ್, ಡಿ ಸೆಪ್ಟೆಂಬರ್, ಇ ಅಕ್ಟೋಬರ್, ಆರ್ ನವೆಂಬರ್, ಎಕ್ಸ್ ಡಿಸೆಂಬರ್. ಮುಂದಿನ ಅಕ್ಷರ ವರ್ಷ. ತೊಡಕು ಏನೆಂದರೆ ವರ್ಷದ ಅಕ್ಷರ ಮರುಕಳಿಸುತ್ತದೆ: ಎ ಅಂದರೆ 1932, 1954, 1980 ಮೂರೂ. ಇದನ್ನು ಬಿಡಿಸುವುದು ಮಾದರಿಯ ಆಯುಷ್ಯದಿಂದ. ನೈಲಾನ್ 66 ಎಂಬ ರೈಫಲ್‌ನಲ್ಲಿ ವರ್ಷದ ಅಕ್ಷರ ಬಿ ಎಂದಿರಲಿ. 1933, 1955, 1981 ಮೂರೂ ಸಾಧ್ಯ. ಆದರೆ ಆ ಮಾದರಿ ಹುಟ್ಟಿದ್ದೇ 1959ರಲ್ಲಿ, ಆದ್ದರಿಂದ 1981. ಮೊದಲು ಮಾದರಿ, ಆಮೇಲೆ ಸಂಕೇತ. ತಿರುಗಿಸಿದರೆ ಉತ್ತರ ಸಿಗುವುದಿಲ್ಲ.

ಮಾರ್ಲಿನ್‌ನಲ್ಲಿ 1973ರಿಂದ 1990ರವರೆಗಿನ ನಂಬರಿನ ಮೊದಲೆರಡು ಅಂಕಿಯನ್ನು 100ರಿಂದ ಕಳೆಯಬೇಕು. 24ರಿಂದ ಶುರುವಾದರೆ 76, ಅಂದರೆ 1976.

ಅಂಗಡಿ ಹೆಸರುಗಳು ಇನ್ನೊಂದು ಗೋಜಲು. ಸಿಯರ್ಸ್, ಮಾಂಟ್‌ಗೊಮರಿ ವಾರ್ಡ್‌ನಂಥ ಟಪಾಲು ಮಾರಾಟದ ದೊಡ್ಡ ಅಂಗಡಿಗಳು ಬೇರೆ ಕಾರ್ಖಾನೆಗಳಿಂದ ಮಾಡಿಸಿ ತಮ್ಮ ಹೆಸರು ಒತ್ತಿಸಿದವು. ಜೆ.ಸಿ. ಹಿಗಿನ್ಸ್, ರೇಂಜರ್ ಎಂದಿದ್ದರೆ ಸಿಯರ್ಸ್, ವೆಸ್ಟರ್ನ್ ಫೀಲ್ಡ್ ಎಂದಿದ್ದರೆ ವಾರ್ಡ್. ಆ ಹೆಸರಿನ ಕಾರ್ಖಾನೆ ಎಲ್ಲೂ ಇರಲಿಲ್ಲ. ಸಿಯರ್ಸ್ ಮಾದರಿ ಸಂಖ್ಯೆಯ ಚುಕ್ಕಿಗೆ ಮುಂಚಿನ ಅಂಕಿಗಳು ನಿಜವಾದ ತಯಾರಕರನ್ನು ಹೇಳುತ್ತವೆ: 103 ಇದ್ದರೆ ಮಾರ್ಲಿನ್, 273 ಇದ್ದರೆ ವಿಂಚೆಸ್ಟರ್, 583 ಇದ್ದರೆ ಹೈ ಸ್ಟ್ಯಾಂಡರ್ಡ್. ಮ್ಯಾಗಜೀನ್ ಅಥವಾ ಎಕ್ಸ್‌ಟ್ರಾಕ್ಟರ್ (ಖಾಲಿ ಕವಚ ಹೊರಗೆಳೆಯುವ ಕೊಕ್ಕೆ) ಹುಡುಕುವವರಿಗೆ ಹಿಗಿನ್ಸ್ ಹೆಸರಿನಲ್ಲಿ ಸಿಗದ್ದು ಮಾರ್ಲಿನ್ ಹೆಸರಿನಲ್ಲಿ ಸಿಗುತ್ತದೆ.

ಮುದ್ರೆ ಮಸುಕಾಗಿದ್ದಾಗ ಸಾದಾ ಪದಗಳೂ ಕಾಲ ಹೇಳುತ್ತವೆ. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವೆ. ‘ಡಿಆರ್‌ಪಿ’, ‘ಡಿಆರ್‌ಜಿಎಂ’ ಎಂಬ ಪೇಟೆಂಟ್ ಗುರುತುಗಳು 1945ಕ್ಕೆ ಹಿಂದಿನ ಜರ್ಮನಿಯವು. ‘ಮೇಡ್ ಇನ್ ಜೆಕೊಸ್ಲೊವಾಕಿಯಾ’ ಎಂದಿದ್ದರೆ 1992ರೊಳಗೆ. ಅಮೆರಿಕದ ವಿಳಾಸದಲ್ಲಿ ಐದಂಕಿಯ ಪಿನ್‌ಕೋಡ್ ಇದ್ದರೆ 1963ರಿಂದ ಈಚೆಗೆ. ಸ್ಟೀವನ್ಸ್ ಅಥವಾ ಸ್ಯಾವೇಜ್ ರೈಫಲ್ ಮೇಲೆ ಚಿಕೊಪೀ ಫಾಲ್ಸ್ ಎಂದಿದ್ದರೆ ಕಂಪನಿ 1960ರಲ್ಲಿ ವೆಸ್ಟ್‌ಫೀಲ್ಡ್‌ಗೆ ಹೋಗುವ ಮುಂಚಿನದು. ಪೇಟೆಂಟ್ ವರ್ಷ ಮಾತ್ರ ಕೆಳಮಿತಿಯನ್ನಷ್ಟೇ ಕೊಡುತ್ತದೆ. 1912ರ ಪೇಟೆಂಟ್ ಒತ್ತಿದ ರೈಫಲ್ 1930ರಲ್ಲೂ ತಯಾರಾಗಿರಬಹುದು.

ಭಾರತದಲ್ಲಿ ಸೇರಿಕೊಂಡ ಗುರುತುಗಳು

ಕಲ್ಕತ್ತೆಯ ಮ್ಯಾಂಟನ್, ರಾಡ್ಡಾ ಮುಂತಾದ ಹೆಸರುಗಳು ನಳಿಗೆಯ ಮೇಲೆ ಅಂದವಾದ ಅಕ್ಷರಗಳಲ್ಲಿ ಕಂಡರೆ ಅದು ಮಾರಿದ ಅಂಗಡಿ ಎಂದುಕೊಂಡು, ತಯಾರಕರನ್ನು ಮರದಡಿಯ ಮುದ್ರೆಗಳಲ್ಲಿ ಹುಡುಕಿ. ಬ್ರಿಟಿಷ್ ತೋಟದ ದೊರೆಗಳ ಕಾಲದ ರೈಫಲ್‌ಗಳಲ್ಲಿ ಇದು ಸಾಮಾನ್ಯ.

ಹೆಚ್ಚು ಗೊಂದಲ ಹುಟ್ಟಿಸುವುದು ತರಬೇತಿಗೆಂದು .22ಕ್ಕೆ ಬದಲಾಯಿಸಿದ ಲೀ-ಎನ್‌ಫೀಲ್ಡ್. ಮೂಲ .303 ನಳಿಗೆಯನ್ನು ಕೊರೆದು ಒಳಗೆ .22 ಕೊಳವೆ ಕೂರಿಸುತ್ತಿದ್ದರು, ಇಲ್ಲವೇ ಹೊಸ ನಳಿಗೆಯನ್ನೇ ಹಾಕುತ್ತಿದ್ದರು. ಬೋಲ್ಟಿನ ತಲೆ ಮತ್ತು ಪಿನ್ನು ಬದಲಾಗುತ್ತಿತ್ತು, ರೈಫಲ್ ಒಂಟಿತೋಟಾದ್ದಾಗುತ್ತಿತ್ತು. ಕೆಳಗಿನ ಮ್ಯಾಗಜೀನ್ ಪೆಟ್ಟಿಗೆ ಖಾಲಿ ಚಿಪ್ಪಾಗಿ ಉಳಿದು, ಉದುರುವ ಖಾಲಿ ಕವಚಗಳನ್ನು ಹಿಡಿಯುತ್ತಿತ್ತು. ಹಿಡಿಯ ಬಳಿಯ ಪಟ್ಟಿಯ ಮೇಲೆ ಕಿರೀಟ, ‘ಬಿಎಸ್‌ಎ ಕಂ.’, 1916 ಎಂದಿದ್ದರೆ ಅದು .303 ಆಗಿ ಹುಟ್ಟಿದ ವರ್ಷ ಮತ್ತು ಕಾರ್ಖಾನೆ. .22 ಆದದ್ದು ಎಷ್ಟೋ ವರ್ಷಗಳ ಮೇಲೆ. ಲೈಸೆನ್ಸಿನಲ್ಲಿ ‘ಬಿಎಸ್‌ಎ .22, 1916’ ಎಂದು ಬರೆಯುವುದು ಇದನ್ನು ತಿಳಿಯದೆ. ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯ ಗುರುತು ಆರ್‌ಎಫ್‌ಐ. ‘ಜಿಆರ್‌ಐ’ ಇದ್ದರೆ ಬ್ರಿಟಿಷ್ ಕಾಲ, ಅಶೋಕ ಸ್ತಂಭದ ಸಿಂಹಗಳಿದ್ದರೆ ಗಣರಾಜ್ಯದ ಕಾಲ. ಇದೇ ಕಾರ್ಖಾನೆ ಇದೇ ಮೈಕಟ್ಟಿನ ಎನ್‌ಫೀಲ್ಡ್‌ಗಳನ್ನು ಒಳತಿರುವಿಲ್ಲದ .410 ಕೂಡ ಮಾಡಿದೆ, ಆದ್ದರಿಂದ ಎನ್‌ಫೀಲ್ಡ್ ಆಕಾರ ಕಂಡಾಗ ನಳಿಗೆಯೊಳಗೆ ನೋಡದೆ ಟೂಟೂ ಎನ್ನಬಾರದು.

1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದರ 8ನೇ ಕಲಂ ಪ್ರಕಾರ ತಯಾರಕರ ಹೆಸರು, ನಂಬರು ಅಥವಾ ಒಪ್ಪಿತ ಗುರುತು ಇಲ್ಲದ ಬಂದೂಕನ್ನು ಮಾರುವಂತಿಲ್ಲ. ಇರುವ ಗುರುತನ್ನು ಅಳಿಸುವುದು, ಬದಲಿಸುವುದು ಅಪರಾಧ, ಮತ್ತು ಹಾಗೆ ಅಳಿಸಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದ್ದೇ. ಮಾಡೆಲ್ 67ರಂಥ ನಂಬರಿಲ್ಲದ ರೈಫಲ್‌ಗೆ ಇಲ್ಲಿ ಹಾಕಿದ ನಂಬರು ಇರಬಹುದು. ಅದು ಕಾರ್ಖಾನೆಯ ಅಕ್ಷರಕ್ಕಿಂತ ದಪ್ಪ, ಸಾಲು ಕೊಂಚ ಓರೆ, ನೀಲಿ ಬಣ್ಣದ ಮೇಲೆ ಒತ್ತಿದ್ದರಿಂದ ಅಂಚು ಬೆಳ್ಳಗೆ. ಇದು ದೋಷವಲ್ಲ, ಕಾಗದದಲ್ಲಿ ಅದೇ ನಂಬರು ಇದ್ದರೆ ಸಾಕು. ನಂಬರಿನ ಜಾಗದಲ್ಲಿ ಲೋಹ ತಗ್ಗಾಗಿದ್ದರೆ, ಸುತ್ತಲಿನ ನೀಲಿಗೂ ಅಲ್ಲಿಯ ನೀಲಿಗೂ ಬಣ್ಣ ಬೇರೆ ಕಂಡರೆ, ಅಥವಾ ಹೊಸ ಅಂಕಿಯ ಅಡಿಯಲ್ಲಿ ಹಳೆಯದರ ನೆರಳು ಕಂಡರೆ ಅದು ಬೇರೆ ಮಾತು. ಮುಂಗಡ ಕೊಡದೆ ದೂರ ಸರಿಯಿರಿ.

ಭಾಗಗಳು ಒಂದೇ ಮನೆಯವೇ?

ಆನ್‌ಶುಟ್ಜ್, ವಾಲ್ಥರ್‌ನಂಥವುಗಳಲ್ಲಿ ಬೋಲ್ಟಿನ ಮೇಲೂ ನಂಬರು ಇರುತ್ತದೆ. ರಿಸೀವರಿನ ನಂಬರಿಗೆ ಹೊಂದದಿದ್ದರೆ ಬೋಲ್ಟ್ ಇನ್ನೊಂದರಿಂದ ಬಂದದ್ದು. ಹೊಡೆಯಬಹುದೇ ಎಂಬುದನ್ನು ಬೋಲ್ಟಿನ ಮುಖಕ್ಕೂ ಚೇಂಬರಿಗೂ ನಡುವಿನ ಅಂತರ ಅಳೆದ ಮೇಲೆ ರಿಪೇರಿಯವರು ಹೇಳಬೇಕು. ತೋಟಾದ ಅಂಚಿನ ದಪ್ಪ 1.1 ಮಿ.ಮೀ ಮಾತ್ರ. ಅಂತರ ಸ್ವಲ್ಪ ಹೆಚ್ಚಾದರೂ ಅಂಚು ಒಡೆಯುತ್ತದೆ, ಇಲ್ಲವೇ ತೋಟಾ ಸಿಡಿಯುವುದೇ ಇಲ್ಲ.

ನಳಿಗೆಯ ಉದ್ದವನ್ನು ಬೋಲ್ಟ್ ಮುಚ್ಚಿ, ಮೂತಿಯಿಂದ ಸಲಾಕೆ ಇಳಿಸಿ, ಬೋಲ್ಟಿನ ಮುಖದವರೆಗೆ ಅಳೆಯಿರಿ. ಮಾಡೆಲ್ 67ರ ಸಾಮಾನ್ಯ ನಳಿಗೆ 27 ಇಂಚು. ಅದು 22 ಇಂಚು ಬಂದು, ಮೂತಿಯ ಅಂಚು ಒರಟಾಗಿ, ಮುಂದಿನ ನೊಣದ (ಗುರಿ ನೋಡುವ ಗುಬ್ಬಿಯ) ಸುತ್ತ ಬೆಸುಗೆಯ ಗುರುತು ಕಂಡರೆ ನಳಿಗೆ ಕತ್ತರಿಸಲಾಗಿದೆ. ಕಾಯ್ದೆಯ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವಂತಿಲ್ಲ.

ಲೈಸೆನ್ಸ್ ಪುಸ್ತಕದ ನಂಬರೇ ತಪ್ಪಾಗಿರುವುದೂ ಉಂಟು. ಪೇಟೆಂಟ್ ಸಂಖ್ಯೆ, ಮಾದರಿ ಸಂಖ್ಯೆ, ಮ್ಯಾಗಜೀನಿನ ಮೇಲಿನ ಭಾಗಸಂಖ್ಯೆ ಇವು ನಂಬರಿನ ಜಾಗಕ್ಕೆ ಹತ್ತಿ ಕೂರುತ್ತವೆ. ಎಷ್ಟೋ ರೈಫಲ್‌ಗಳ ಮೇಲೆ ಒಂದೇ ಸಂಖ್ಯೆ ಕಂಡರೆ ಅದು ಸೀರಿಯಲ್ ನಂಬರಲ್ಲ. ಕೊಳ್ಳುವ ಮುಂಚೆ ಇದು ಸರಿಯಾಗಬೇಕು, ಏಕೆಂದರೆ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕಾದ ಅರ್ಜಿಯಲ್ಲಿ ಹೋಗುವುದು ಇದೇ ವಿವರ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ, ಆದರೆ ಗುರುತು ಅಳಿಸಿದ ಬಂದೂಕಿಗೆ ಅದು ರಕ್ಷಣೆಯಾಗುವುದಿಲ್ಲ.

ಎಲ್ಲ ನೋಡಿ ಮುಗಿದ ಮೇಲೆ ಒಂದು ಹಾಳೆಯಲ್ಲಿ ಬರೆದು ಫೋಟೋಗಳೊಂದಿಗೆ ಲೈಸೆನ್ಸಿನ ಕಡತದಲ್ಲಿಡಿ. ‘.22 ಬ್ರ್ನೋ’ ಎಂದು ನಿಲ್ಲಿಸದೆ ಹೀಗೆ: ಬ್ರ್ನೋ ಮಾಡೆಲ್ 2, .22 ಎಲ್‌ಆರ್ ರಿಮ್‌ಫೈರ್, ಬೋಲ್ಟ್, ಬಿಚ್ಚುವ 5 ತೋಟಾ ಮ್ಯಾಗಜೀನ್, ನಳಿಗೆಯ ಉದ್ದ ಇಷ್ಟು ಸೆಂಟಿಮೀಟರ್, ಜೆಕ್ ಸಿಂಹ ಮುದ್ರೆ ವರ್ಷ 57, ನಂಬರು ಇಷ್ಟು, ಅದು ಒತ್ತಿರುವ ಜಾಗ ಇಂಥದ್ದು, ಬೋಲ್ಟಿನ ನಂಬರು ಹೊಂದುತ್ತದೆ ಅಥವಾ ಇಲ್ಲ, ಇಲ್ಲಿ ಸೇರಿಸಿದ ಗುರುತು ಇದ್ದರೆ ಅದೂ.